ಸತ್ಯ ಪರಿಶೀಲನೆ: ಕೆಂಪು, ನೀಲಿ, ಹಳದಿ ಚೌಕಗಳ ಚಿತ್ರವನ್ನು ಮಗುವೂ ಹತ್ತು ನಿಮಿಷದಲ್ಲಿ ಬಿಡಿಸಬಹುದೇ?

ಸಾರಾಂಶ

ಬಿಳಿ ಹಿನ್ನೆಲೆಯ ಮೇಲೆ ನಾಲ್ಕೈದು ಕಪ್ಪು ಗೆರೆ, ಒಂದು ಕೆಂಪು ಚೌಕ, ಒಂದು ನೀಲಿ, ಒಂದು ಹಳದಿ. ಇಷ್ಟೇ ಇರುವ ಚಿತ್ರವನ್ನು ತೋರಿಸಿ ‘ಇದನ್ನು ಮಗುವೂ ಬಿಡಿಸುತ್ತದೆ’ ಎನ್ನುವ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತವೆ. ಈ ಮಾತನ್ನು ನಾವು ಎರಡು ರೀತಿಯಲ್ಲಿ ಪರಿಶೀಲಿಸಿದೆವು. ಮೊದಲು ಈ ಬಗ್ಗೆ ನಡೆದ ಅಧ್ಯಯನಗಳನ್ನು ನೋಡಿದೆವು. ಆಮೇಲೆ ಆಕ್ರಿಲಿಕ್ ಬಣ್ಣ ತಂದು ನಾವೇ ಆ ಚಿತ್ರವನ್ನು ನಕಲು ಮಾಡಿದೆವು. ನಮ್ಮ ಪರಿಶೀಲನೆಯ ಪ್ರಕಾರ ಈ ಹೇಳಿಕೆ ಹೆಚ್ಚಾಗಿ ತಪ್ಪು.

ಹೇಳಿಕೆ ಏನು?

ಇಂಥ ಫಾರ್ವರ್ಡ್‌ಗಳ ಧಾಟಿ ಸಾಮಾನ್ಯವಾಗಿ ಒಂದೇ. ಮೇಲೆ ಚಿತ್ರ, ಕೆಳಗೆ ‘ಇದಕ್ಕೆ ನೂರಾರು ಕೋಟಿಯಂತೆ! ನಮ್ಮ ಮನೆ ಮಗು ಹತ್ತು ನಿಮಿಷದಲ್ಲಿ ಬಿಡಿಸುತ್ತೆ’ ಎಂಬ ಸಾಲು, ಕೊನೆಗೆ ನಗುವ ಎಮೋಜಿ. ಬೆಲೆಯ ಮಾತು ಸುಳ್ಳಲ್ಲ. 2022ರ ನವೆಂಬರ್‌ನಲ್ಲಿ ಇದೇ ಬಗೆಯ ಒಂದು ಚಿತ್ರ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ 5.1 ಕೋಟಿ ಡಾಲರ್‌ಗೆ ಮಾರಾಟವಾಯಿತು. ಆಗಿನ ಲೆಕ್ಕದಲ್ಲಿ ಅದು 400 ಕೋಟಿ ರೂಪಾಯಿಗೂ ಹೆಚ್ಚು. ಅಷ್ಟು ಬೆಲೆ ಕೊಡಬೇಕಿತ್ತೇ ಎಂಬುದು ಬೇರೆ ಚರ್ಚೆ. ನಾವು ನೋಡುವುದು ಎರಡನೇ ಮಾತನ್ನು ಮಾತ್ರ: ಇದು ಅಷ್ಟು ಸುಲಭವೇ?

ಸತ್ಯ ಪರಿಶೀಲನೆ

ಈ ಚಿತ್ರ ಯಾರದು?

ಡಚ್ ಕಲಾವಿದ ಪೀಟ್ ಮಾಂಡ್ರಿಯನ್ ಅವರದು. ಹುಟ್ಟಿದ್ದು 1872ರಲ್ಲಿ, ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್ ಎಂಬ ಊರಿನಲ್ಲಿ. ತೀರಿಕೊಂಡದ್ದು 1944ರಲ್ಲಿ, ನ್ಯೂಯಾರ್ಕಿನಲ್ಲಿ. ಮನುಷ್ಯರನ್ನೂ ಮರಗಿಡಗಳನ್ನೂ ಬಿಡಿಸಲು ಬಾರದ್ದಕ್ಕೆ ಅವರು ಚೌಕ ಬಿಡಿಸಿದರು ಎಂದುಕೊಂಡರೆ ಅದು ತಪ್ಪು. ಮೊದಲ ವರ್ಷಗಳಲ್ಲಿ ಅವರು ಗಾಳಿಯಂತ್ರ, ಹೊಳೆದಂಡೆ, ಮರಗಳನ್ನು ಕಣ್ಣಿಗೆ ಕಾಣುವಂತೆಯೇ ಬಿಡಿಸುತ್ತಿದ್ದರು. ಮುಂದೆ ಅವರ ಮರಗಳು ಬರಬರುತ್ತಾ ಗೆರೆಗಳಾದವು. 1911ರ ‘ಬೂದು ಮರ’ ಚಿತ್ರದಲ್ಲಿ ಆ ಬದಲಾವಣೆ ಸ್ಪಷ್ಟವಾಗಿ ಕಾಣುತ್ತದೆ. 1920ರ ಹೊತ್ತಿಗೆ ನೆಟ್ಟಗೆರೆ, ಅಡ್ಡಗೆರೆ, ಮೂರು ಮೂಲ ಬಣ್ಣ, ಜೊತೆಗೆ ಬಿಳಿ, ಕಪ್ಪು, ಬೂದು ಮಾತ್ರ ಉಳಿದವು.

ನಾವು ನಕಲಿಗೆ ಆರಿಸಿಕೊಂಡದ್ದು 1930ರ ‘ಕೆಂಪು, ನೀಲಿ ಮತ್ತು ಹಳದಿಯ ಸಂಯೋಜನೆ’. ಇದು ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ನಗರದ ಕುನ್ಸ್ಟ್‌ಹೌಸ್ ಕಲಾ ಸಂಗ್ರಹಾಲಯದಲ್ಲಿದೆ. ಪ್ರತಿ ಬದಿ ಸುಮಾರು ಒಂದೂವರೆ ಅಡಿ ಇರುವ ಚೌಕಾಕಾರದ ಕ್ಯಾನ್ವಾಸ್. ಮೇಲೆ ಬಲಕ್ಕೆ ದೊಡ್ಡ ಕೆಂಪು, ಕೆಳಗೆ ಎಡಕ್ಕೆ ಸಣ್ಣ ನೀಲಿ, ಕೆಳಗೆ ಬಲ ಮೂಲೆಯಲ್ಲಿ ಇನ್ನೂ ಸಣ್ಣ ಹಳದಿ. ಉಳಿದ ನಾಲ್ಕು ಭಾಗ ಬಿಳಿ. ಒಟ್ಟು ಏಳೇ ಏಳು ಮನೆ.

ಇದನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ?

ಹೌದು. ಫಲಿತಾಂಶ ಎರಡೂ ಕಡೆಗಿದೆ.

ಹೇಳಿಕೆಯ ಪರವಾಗಿ ನಿಲ್ಲುವುದು ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಮೈಕೆಲ್ ನೋಲ್ ನಡೆಸಿದ ಪರೀಕ್ಷೆ. ಮಾಂಡ್ರಿಯನ್ 1917ರಲ್ಲಿ ಬಿಡಿಸಿದ, ಸಣ್ಣ ಸಣ್ಣ ಅಡ್ಡ ಮತ್ತು ನೆಟ್ಟ ಗೆರೆಗಳ ಒಂದು ಚಿತ್ರವನ್ನು ನೋಡಿಕೊಂಡು ಅವರು ಕಂಪ್ಯೂಟರ್‌ನಿಂದ ಅದೇ ಬಗೆಯ ಚಿತ್ರ ಮಾಡಿಸಿದರು. ಎರಡನ್ನೂ 100 ಜನರಿಗೆ ತೋರಿಸಿದರು. ಕಂಪ್ಯೂಟರ್ ಮಾಡಿದ್ದು ಯಾವುದೆಂದು ಸರಿಯಾಗಿ ಹೇಳಿದವರು 28 ಜನ ಮಾತ್ರ. 59 ಜನರಿಗೆ ಕಂಪ್ಯೂಟರ್ ಚಿತ್ರವೇ ಹೆಚ್ಚು ಹಿಡಿಸಿತು. ಇದು 1966ರಲ್ಲಿ ಪ್ರಕಟವಾಯಿತು. ಆದರೆ ಇಲ್ಲೊಂದು ಅಂಶ ನೆನಪಿಡಬೇಕು. ಗೆರೆಗಳು ಎಲ್ಲಿ ದಟ್ಟವಾಗಬೇಕು, ಎಷ್ಟು ಉದ್ದವಿರಬೇಕು ಎಂಬ ನಿಯಮವನ್ನು ಕಂಪ್ಯೂಟರ್‌ಗೆ ಕೊಟ್ಟಿದ್ದು ಮಾಂಡ್ರಿಯನ್ ಚಿತ್ರವನ್ನು ಮುಂದಿಟ್ಟುಕೊಂಡಿದ್ದ ಮನುಷ್ಯನೇ.

ಹೇಳಿಕೆಗೆ ವಿರುದ್ಧವಾದ ಅಧ್ಯಯನ 2011ರದು. ಬಾಸ್ಟನ್ ಕಾಲೇಜಿನ ಆಂಜೆಲಿನಾ ಹಾಲಿ-ಡೋಲನ್ ಮತ್ತು ಎಲನ್ ವಿನರ್ ಅವರು ಪ್ರಸಿದ್ಧ ಅಮೂರ್ತ ಕಲಾವಿದರ ಚಿತ್ರದ ಪಕ್ಕದಲ್ಲೇ ಮಕ್ಕಳು ಮತ್ತು ಪ್ರಾಣಿಗಳ ಚಿತ್ರವನ್ನಿಟ್ಟು, ಯಾವುದು ಉತ್ತಮ ಎಂದು ಕೇಳಿದರು. ಹೆಸರಿನ ಚೀಟಿಯನ್ನು ಅದಲುಬದಲು ಮಾಡಿದಾಗಲೂ ಜನ ಕಲಾವಿದರ ಚಿತ್ರವನ್ನೇ ಅರ್ಧಕ್ಕಿಂತ ಹೆಚ್ಚು ಸಲ ಆರಿಸಿದರು. ಎಲ್ಲ ಸಲವೂ ಅಲ್ಲ, ಆದರೆ ನಾಣ್ಯ ಚಿಮ್ಮಿ ಊಹಿಸಿದಾಗ ಬರುವುದಕ್ಕಿಂತ ಹೆಚ್ಚು. ಅಲ್ಲಿ ಬಳಸಿದ್ದು ಬಣ್ಣ ಚೆಲ್ಲಿದಂತೆ ಕಾಣುವ ಬಗೆಯ ಚಿತ್ರಗಳು, ಮಾಂಡ್ರಿಯನ್ ಅವರ ಚೌಕಗಳಲ್ಲ. ಹಾಗಾಗಿ ಈ ಒಂದು ಅಧ್ಯಯನದಿಂದ ನಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ.

ಉಳಿದದ್ದು ಒಂದೇ ದಾರಿ: ಬಿಡಿಸಿ ನೋಡುವುದು.

ಆಕ್ರಿಲಿಕ್ ಎಂದರೇನು? ಮೂಲ ಚಿತ್ರ ಆಕ್ರಿಲಿಕ್‌ನದೇ?

ಅಲ್ಲ. ಅದು ತೈಲವರ್ಣ. ಕಲಾವಿದರು ಇಂದು ಬಳಸುವ, ನೀರಿನಲ್ಲಿ ಕರಗಿಸುವ ಆಕ್ರಿಲಿಕ್ ಬಣ್ಣ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಆ ಹೊತ್ತಿಗೆ ಮಾಂಡ್ರಿಯನ್ ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಕಲಿಯುವವರಿಗೆ ಆಕ್ರಿಲಿಕ್ ಅನುಕೂಲ. ತೈಲವರ್ಣ ಒಣಗಲು ದಿನಗಟ್ಟಲೆ ಕಾಯಬೇಕು, ಆಕ್ರಿಲಿಕ್‌ನ ತೆಳು ಪದರ ಅರ್ಧ ಗಂಟೆಯೊಳಗೆ ಕೈಗೆ ಅಂಟದಷ್ಟು ಒಣಗುತ್ತದೆ.

ಇದರ ಗುಟ್ಟು ಹೀಗಿದೆ. ಆಕ್ರಿಲಿಕ್ ಟ್ಯೂಬಿನಲ್ಲಿ ಮುಖ್ಯವಾಗಿ ಮೂರು ವಸ್ತುಗಳಿರುತ್ತವೆ: ಬಣ್ಣದ ಪುಡಿ, ನೀರು, ಮತ್ತು ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು. ನೀರು ಆವಿಯಾದಂತೆ ಆ ಕಣಗಳು ಒಂದಕ್ಕೊಂದು ಒತ್ತಿಕೊಂಡು ಬೆಸೆದು ಹಾಳೆಯಂತಾಗುತ್ತವೆ. ಒಮ್ಮೆ ಹಾಳೆಯಾದ ಮೇಲೆ ನೀರು ಹಾಕಿದರೂ ಅದು ಕರಗುವುದಿಲ್ಲ. ‘ನೀರಿನ ಬಣ್ಣ ತಾನೇ, ಬಟ್ಟೆಗೆ ಬಿದ್ದರೆ ತೊಳೆದರಾಯಿತು’ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಹಸಿಯಿದ್ದಾಗ ತೊಳೆದರೆ ಹೋಗುತ್ತದೆ. ಒಣಗಿದರೆ ಅಂಗಿಯೂ ಹೋಯಿತು, ಬ್ರಷ್ಷೂ ಹೋಯಿತು.

ನಾವು ಬಿಡಿಸಿದಾಗ ಏನಾಯಿತು?

ನಾವು ಮೂವರೂ ಚಿತ್ರಕಲೆ ಕಲಿತವರಲ್ಲ. ನಮ್ಮಲ್ಲೊಬ್ಬರು ‘ನಿನಗೆ ಮನುಷ್ಯರ ಮುಖ ಬರುವುದಿಲ್ಲ’ ಎಂದು ಹೇಳಿಸಿಕೊಂಡು ಎಂಟನೇ ತರಗತಿಯಲ್ಲಿ ಬಿಟ್ಟ ಬ್ರಷ್ಷನ್ನು ಮತ್ತೆ ಹಿಡಿದದ್ದು ಈಗಲೇ. ಒಂದು ಅಡಿ ಚೌಕದ ಕ್ಯಾನ್ವಾಸ್ ಬೋರ್ಡ್, ಐದು ಬಣ್ಣ, ಒಂದು ಚಪ್ಪಟೆ ಬ್ರಷ್, ಸ್ಕೇಲು, ಪೆನ್ಸಿಲ್ ಮತ್ತು ಟೇಪ್ ತಂದೆವು. ಸಂಗ್ರಹಾಲಯದ ಚಿತ್ರವನ್ನು ಪ್ರಿಂಟ್ ತೆಗೆದು, ಪ್ರತಿ ಗೆರೆಯ ಜಾಗವನ್ನು ಅಳೆದು, ಅದೇ ಅನುಪಾತದಲ್ಲಿ ಬೋರ್ಡಿನ ಮೇಲೆ ಗುರುತು ಹಾಕಿಕೊಂಡೆವು. ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆವು. ಮೂರು ಸಂಜೆ ಹಿಡಿಯಿತು.

ಮೊದಲ ತೊಡಕು: ಟೇಪಿನ ಅಡಿಗೆ ಬಣ್ಣ ನುಗ್ಗಿತು. ಪಾರ್ಸೆಲ್‌ಗೆ ಹಚ್ಚುವ ಟೇಪನ್ನೇ ಅಂಟಿಸಿ ಕಪ್ಪು ಬಳಿದೆವು. ಕಿತ್ತಾಗ ಅದರ ಜೊತೆ ಕೆಳಗಿನ ಬಿಳಿಯೂ ಎದ್ದು ಬಂತು, ಗೆರೆಯ ಅಂಚು ಗರಗಸದ ಹಲ್ಲಿನಂತೆ ಕಂಡಿತು. ಕಾರಣ ಸರಳ. ಕ್ಯಾನ್ವಾಸ್ ಎಂದರೆ ನೇಯ್ದ ಬಟ್ಟೆ. ಅದರ ಉಬ್ಬುತಗ್ಗುಗಳ ಮೇಲೆ ಟೇಪ್ ಪೂರ್ತಿ ಕೂರುವುದಿಲ್ಲ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಸಂದುಗಳು ಬಣ್ಣವನ್ನು ಒಳಗೆಳೆದುಕೊಳ್ಳುತ್ತವೆ. ಬಣ್ಣ ನೀರಾದಷ್ಟೂ ಸೋರಿಕೆ ಹೆಚ್ಚು.

ಪರಿಹಾರ ಇಷ್ಟು:

- ಪೇಂಟರ್‌ಗಳು ಬಳಸುವ ಕಾಗದದ ಮಾಸ್ಕಿಂಗ್ ಟೇಪನ್ನೇ ತನ್ನಿ. ಕೆಳಗಿನ ಪದರ ಕೈಗೆ ಒಣಗಿದಂತೆ ಕಂಡರೂ ಒಳಗೆ ಮೆತ್ತಗಿರುತ್ತದೆ. ಒಂದು ರಾತ್ರಿ ಬಿಟ್ಟು ಟೇಪ್ ಹಚ್ಚಿ.
- ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಉಜ್ಜಿ.
- ಮೊದಲು ಆ ಅಂಚಿಗೆ ಕೆಳಗಿರುವ ಬಣ್ಣವನ್ನೇ ಇನ್ನೊಮ್ಮೆ ತೆಳುವಾಗಿ ಬಳಿಯಿರಿ. ಕೆಳಗೆ ಬಿಳಿಯಿದ್ದರೆ ಬಿಳಿ, ಕೆಂಪಿದ್ದರೆ ಕೆಂಪು. ನುಗ್ಗುವುದಿದ್ದರೆ ಅದೇ ನುಗ್ಗಿ ಸಂದುಗಳನ್ನು ಮುಚ್ಚುತ್ತದೆ. ಬಣ್ಣ ಒಂದೇ ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಆಕ್ರಿಲಿಕ್ ಮೀಡಿಯಂ ಎಂಬ ಬಣ್ಣವಿಲ್ಲದ ದ್ರವವಿದ್ದರೆ ಇನ್ನೂ ಸುಲಭ.
- ಅದು ಒಣಗಿದ ಮೇಲೆ ಬೇಕಾದ ಬಣ್ಣವನ್ನು ತೆಳುವಾಗಿ ಬಳಿಯಿರಿ.
- ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಿರಿ.

ಎರಡನೇ ಸಂಜೆ ಹೀಗೆ ಮಾಡಿದಾಗ ಅಂಚು ಚಾಕುವಿನಲ್ಲಿ ಕೊಯ್ದಂತೆ ಬಂತು. ನಿಜ ಹೇಳಬೇಕೆಂದರೆ, ಆ ಟೇಪ್ ಕಿತ್ತ ಕ್ಷಣ ನಾವು ಮೂವರೂ ಚಪ್ಪಾಳೆ ತಟ್ಟಿದೆವು.

ಎರಡನೇ ತೊಡಕು: ಹಳದಿ ಹಸಿರಾಯಿತು. ಹಳದಿಯ ಜಾಗಕ್ಕೆ ಸ್ವಲ್ಪ ಕಪ್ಪು ತಾಗಿತ್ತು. ಮೇಲೆ ಹಳದಿ ಬಳಿದರೆ ಮುಚ್ಚೀತು ಎಂದುಕೊಂಡೆವು. ಮುಚ್ಚಲಿಲ್ಲ, ಪಾಚಿಯ ಬಣ್ಣಕ್ಕೆ ತಿರುಗಿತು. ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಮುಚ್ಚುವುದಿಲ್ಲ. ಹಲವು ಹಳದಿಗಳು ಮತ್ತು ಕೆಲವು ಕೆಂಪುಗಳು ಅರೆಪಾರದರ್ಶಕ, ಕೆಳಗಿನದು ಇಣುಕುತ್ತದೆ. ಅನೇಕ ಕಂಪನಿಗಳ ಟ್ಯೂಬಿನ ಮೇಲೆ ಒಂದು ಪುಟ್ಟ ಚೌಕ ಇರುತ್ತದೆ. ಅದು ಖಾಲಿಯಿದ್ದರೆ ಬಣ್ಣ ಪಾರದರ್ಶಕ, ಪೂರ್ತಿ ತುಂಬಿದ್ದರೆ ಚೆನ್ನಾಗಿ ಮುಚ್ಚುವ ಬಣ್ಣ, ಅರ್ಧ ತುಂಬಿದ್ದರೆ ನಡುವಿನದು. ತಪ್ಪಾದ ಜಾಗಕ್ಕೆ ಮೊದಲು ಬಿಳಿ ಬಳಿದು, ಒಣಗಿಸಿ, ಅದರ ಮೇಲೆ ಹಳದಿಯನ್ನು ಎರಡು ಮೂರು ತೆಳು ಪದರಗಳಲ್ಲಿ ಹಾಕಬೇಕು. ಒಂದೇ ಸಲ ದಪ್ಪಗೆ ಮೆತ್ತಿದರೆ ಬ್ರಷ್ಷಿನ ಗುರುತು ಏಣಿನಂತೆ ಉಳಿಯುತ್ತದೆ.

ಇದರಿಂದಲೇ ಕೆಲಸದ ಕ್ರಮವೂ ತಿಳಿಯಿತು. ಮೊದಲು ಇಡೀ ಬೋರ್ಡಿಗೆ ಬಿಳಿ, ಆಮೇಲೆ ಹಳದಿ, ಕೆಂಪು, ನೀಲಿ, ಕೊನೆಯಲ್ಲಿ ಕಪ್ಪು ಗೆರೆ. ಬಣ್ಣಗಳು ಸೇರುವ ಅಂಚುಗಳೆಲ್ಲ ಕಪ್ಪಿನ ಅಡಿಗೆ ಹೋಗುತ್ತವೆ, ಸಣ್ಣಪುಟ್ಟ ತಪ್ಪು ಅಡಗುತ್ತದೆ. ಇದು ಕಲಿಯುವವರ ಅನುಕೂಲಕ್ಕೆ. ಮಾಂಡ್ರಿಯನ್ ಹೀಗೆ ಗೆರೆಯಿಂದ ತಪ್ಪು ಮುಚ್ಚಿದವರಲ್ಲ.

ಮೂರನೇ ತೊಡಕು: ಕೆಂಪು ಹೊಂದಲಿಲ್ಲ. ಪ್ಯಾಲೆಟ್‌ನಲ್ಲಿ ಸರಿಯಾಗಿದ್ದ ಕೆಂಪು ಬೋರ್ಡಿನ ಮೇಲೆ ಒಣಗಿದಾಗ ಒಂದು ಛಾಯೆ ಗಾಢವಾಯಿತು. ಹಸಿ ಆಕ್ರಿಲಿಕ್‌ನಲ್ಲಿರುವ ಪ್ಲಾಸ್ಟಿಕ್ ದ್ರವ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದಾಗ ಗಾಜಿನಂತೆ ತಿಳಿಯಾಗುತ್ತದೆ. ಆ ಹಾಲುಬಿಳುಪು ಹೋದಾಗ ಬಣ್ಣ ಕಪ್ಪಾದಂತೆ ಕಾಣುತ್ತದೆ. ಆದ್ದರಿಂದ ಕಲಸಿದ ಬಣ್ಣವನ್ನು ಮೊದಲು ಕಾಗದದ ಚೂರಿಗೆ ಹಚ್ಚಿ, ಒಣಗಿಸಿ ನೋಡಿ. ಇನ್ನೊಂದು ಮಾತು: ಫ್ಯಾನ್ ಕೆಳಗೆ ಕೂತರೆ ಪ್ಯಾಲೆಟ್‌ನಲ್ಲೇ ಬಣ್ಣಕ್ಕೆ ಕೆನೆ ಕಟ್ಟುತ್ತದೆ. ಹಳೆಯ ಟಿಫಿನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಂಡರೆ ಗಂಟೆಗಟ್ಟಲೆ ಹಸಿಯಿರುತ್ತದೆ. ಮುಚ್ಚಳ ಹಾಕಿದರೆ ಮರುದಿನಕ್ಕೂ ಬರುತ್ತದೆ.

ನಾಲ್ಕನೇ ತೊಡಕು: ಎಲ್ಲ ಸರಿಯಿದ್ದೂ ಚಿತ್ರ ಸತ್ತಂತಿತ್ತು. ಇದೇ ನಮಗೆ ದೊಡ್ಡ ಪಾಠ. ಅಂಚು ನೇರವಾಗಿತ್ತು, ಬಣ್ಣ ಹೊಂದಿತ್ತು. ಆದರೂ ನಮ್ಮ ಚಿತ್ರ ಮನೆಯ ಕಿಟಕಿ ಗ್ರಿಲ್‌ನಂತೆ ಕಂಡಿತು. ಮೂಲದ ಪಕ್ಕದಲ್ಲಿಟ್ಟು ನೋಡಿದಾಗ ತಿಳಿಯಿತು: ನಾವು ಎಲ್ಲ ಗೆರೆಗಳನ್ನೂ ಒಂದೇ ಟೇಪಿನ ಅಗಲದಲ್ಲಿ ಎಳೆದಿದ್ದೆವು. ಮೂಲದಲ್ಲಿ ಹಾಗಿಲ್ಲ. ಎಡಭಾಗದ ಎರಡು ಬಿಳಿ ಮನೆಗಳ ನಡುವಿನ ಗಿಡ್ಡ ಅಡ್ಡಗೆರೆ ಉದ್ದದ ಗೆರೆಗಳಿಗಿಂತ ಎದ್ದು ಕಾಣುವಷ್ಟು ದಪ್ಪ. ಬಲಕ್ಕೆ ಅಷ್ಟು ದೊಡ್ಡ ಕೆಂಪು ಕೂತಿದ್ದರೂ ಚಿತ್ರ ಆ ಕಡೆಗೆ ವಾಲುವುದಿಲ್ಲ. ಎಡದ ಆ ದಪ್ಪ ಗೆರೆ ಮತ್ತು ಮೂಲೆಯ ನೀಲಿ ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ತೂಗಿ ಹಿಡಿದಿವೆ.

ಬಿಳಿಯಲ್ಲೂ ಹೀಗೆಯೇ. ಮೊಬೈಲ್ ಪರದೆಯಲ್ಲಿ ಅದು ಖಾಲಿ ಜಾಗದಂತೆ ಕಾಣುತ್ತದೆ. ಮಾಂಡ್ರಿಯನ್ ಅವರ ಬಿಳಿ ಖಾಲಿ ಬಿಟ್ಟದ್ದಲ್ಲ, ಪದರ ಪದರವಾಗಿ ಬಳಿದದ್ದು. ಹತ್ತಿರದಿಂದ ನೋಡಿದರೆ ಬ್ರಷ್ ಎಳೆದ ಗುರುತುಗಳು ಕಾಣುತ್ತವೆ. ಮೂರನೇ ಸಂಜೆ ನಾವು ಆ ಗಿಡ್ಡ ಗೆರೆಯನ್ನು ದಪ್ಪ ಮಾಡಿದೆವು, ನಾಲ್ಕು ಬಿಳಿ ಮನೆಗಳಲ್ಲಿ ಬ್ರಷ್ಷನ್ನು ಬೇರೆ ಬೇರೆ ದಿಕ್ಕಿಗೆ ಎಳೆದೆವು. ಗ್ರಿಲ್ ಹೋಗಿ ಚಿತ್ರ ಬಂತು. ಬದಲಾಗಿದ್ದು ಕೆಲವೇ ಮಿಲಿಮೀಟರ್.

ಹಾಗಾದರೆ ಮಗು? ನಮ್ಮ ಸಹೋದ್ಯೋಗಿಯ ಏಳು ವರ್ಷದ ಮಗಳಿಗೆ ಅದೇ ಪ್ರಿಂಟ್ ಮತ್ತು ಬಣ್ಣ ಕೊಟ್ಟೆವು. ಹತ್ತು ನಿಮಿಷದಲ್ಲಿ ಮುಗಿಸಿದಳು. ‘ಇದಕ್ಕೆ ಬಾಗಿಲೇ ಇಲ್ಲ’ ಎಂದು ಬಿಳಿ ಮನೆಯೊಂದಕ್ಕೆ ಬಾಗಿಲು ಹಾಕಿದಳು. ಒಂದು ಮಗುವಿನಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನಮಗೆ ಗೊತ್ತು. ಅವಳು ಬಿಡಿಸಿದ್ದು ಅವಳದೇ ಚಿತ್ರ, ಮಾಂಡ್ರಿಯನ್ ಅವರದಲ್ಲ, ಅಷ್ಟೇ.

ಮಾಂಡ್ರಿಯನ್ ಅವರಿಗೂ ಇದು ಹತ್ತು ನಿಮಿಷದ ಕೆಲಸವಾಗಿತ್ತೇ?

ಇಲ್ಲ. 1930ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಶುರು ಮಾಡಿದ ಹಲವು ಚಿತ್ರಗಳನ್ನು ಅವರು 1940ರಲ್ಲಿ ನ್ಯೂಯಾರ್ಕಿಗೆ ಹೋದ ಮೇಲೆ ಮತ್ತೆ ತಿದ್ದಿದರು. ಗೆರೆ ಸೇರಿಸಿದರು, ಸರಿಸಿದರು, ಬಣ್ಣ ಹೆಚ್ಚಿಸಿದರು. ಈ ತಿದ್ದುಪಡಿಗಳ ಬಗ್ಗೆಯೇ 2001ರಲ್ಲಿ ಹಾರ್ವರ್ಡ್ ಕಲಾ ಸಂಗ್ರಹಾಲಯ ಒಂದು ಪ್ರದರ್ಶನ ನಡೆಸಿತ್ತು.

‘75 ವರ್ಷ ತಲೆಕೆಳಗಾಗಿ ನೇತುಹಾಕಿದ್ದರು’ ಎಂಬುದು ನಿಜವೇ?

ಇದೂ ಇದೇ ಕಲಾವಿದರ ಬಗ್ಗೆ ಹರಿದಾಡುವ ಸುದ್ದಿ, ಮತ್ತು ಇದರಲ್ಲಿ ಹುರುಳಿದೆ. 1941ರ ‘ನ್ಯೂಯಾರ್ಕ್ ಸಿಟಿ 1’ ಎಂಬ ಕೃತಿ ಜರ್ಮನಿಯ ಡುಸೆಲ್ಡಾರ್ಫ್ ಸಂಗ್ರಹಾಲಯದಲ್ಲಿದೆ. ಅದು ತಲೆಕೆಳಗಾಗಿ ತೂಗುತ್ತಿದೆ ಎಂದು ಅಲ್ಲಿನ ಕ್ಯುರೇಟರ್ 2022ರಲ್ಲಿ ಹೇಳಿದರು. ಕುತೂಹಲದ ಸಂಗತಿಯೆಂದರೆ ಆ ಕೃತಿ ಬಣ್ಣದ್ದಲ್ಲ, ಬಣ್ಣದ ಟೇಪಿನದು. ಟೇಪ್ ಹಚ್ಚಿ, ಕಿತ್ತು, ಸರಿಸಿ, ಗೆರೆ ಎಲ್ಲಿರಬೇಕೆಂದು ಮಾಂಡ್ರಿಯನ್ ಹುಡುಕುತ್ತಿದ್ದರು. ಈಗ ತಿರುಗಿಸಿದರೆ ಹಳೆಯ ಟೇಪ್ ಉದುರಬಹುದೆಂದು ಅದನ್ನು ಹಾಗೆಯೇ ಬಿಟ್ಟಿದ್ದಾರೆ.

ನೀರಿನ ಬಣ್ಣ ಎಂದರೆ ಅಪಾಯವೇ ಇಲ್ಲವೇ?

ಸರಿಯಾಗಿ ಬಳಸಿದರೆ ಅಪಾಯ ಕಡಿಮೆ, ಆದರೆ ‘ಏನೂ ಇಲ್ಲ’ ಎನ್ನುವುದು ತಪ್ಪು.

- ಕೆಲವು ಬಣ್ಣಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್‌ನಂಥ ಲೋಹಗಳಿರುತ್ತವೆ. ಬ್ರಷ್ಷನ್ನು ಬಾಯಲ್ಲಿಟ್ಟು ಮೊನೆ ಮಾಡಬೇಡಿ. ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ.
- ಕಿಟಕಿ ತೆರೆದಿರಲಿ. ಹಸಿ ಬಣ್ಣದಲ್ಲಿ ಅಲ್ಪ ಪ್ರಮಾಣದ ಅಮೋನಿಯಾ ಮತ್ತು ಕೆಡದಂತೆ ಹಾಕಿದ ರಾಸಾಯನಿಕಗಳಿರಬಹುದು.
- ಮಕ್ಕಳ ಮುಖಕ್ಕೆ, ಊಟದ ತಟ್ಟೆಯ ಒಳಮೈಗೆ ಇದನ್ನು ಬಳಿಯಬೇಡಿ.
- ಬ್ರಷ್ಷನ್ನು ನೇರವಾಗಿ ಸಿಂಕ್‌ನಲ್ಲಿ ತೊಳೆಯಬೇಡಿ. ಈ ಬಣ್ಣ ಪ್ಲಾಸ್ಟಿಕ್ ಎಂಬುದು ನೆನಪಿರಲಿ. ಮೊದಲು ಹಳೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಂದು ಡಬ್ಬಿಯ ನೀರಿನಲ್ಲಿ ತೊಳೆಯಿರಿ. ಮಡ್ಡಿ ಕೆಳಗಿಳಿದ ಮೇಲೆ ಅದನ್ನು ಒಣಗಿಸಿ ಕಸಕ್ಕೆ ಹಾಕಿ.
- ಬೇಸಿಗೆಯಲ್ಲಿ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ತಾಗಿಸಿ ಇಡಬೇಡಿ. ಆಕ್ರಿಲಿಕ್ ಶಾಖಕ್ಕೆ ಮೆತ್ತಗಾಗಿ ಅಂಟಿಕೊಳ್ಳುತ್ತದೆ.

ನಕಲು ಮಾಡುವುದು ಕಳ್ಳತನವಲ್ಲವೇ?

ಕಲಿಯಲು ನಕಲು ಮಾಡುವುದು ಹಳೆಯ ಪದ್ಧತಿ. ಭಾರತದ ಕಾನೂನಿನಲ್ಲಿ ಚಿತ್ರದ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಮಾಂಡ್ರಿಯನ್ ಚಿತ್ರಗಳಿಗೆ ಆ ಅವಧಿ ಎಂದೋ ಮುಗಿದಿದೆ. ಆದರೆ ‘ಬಿಂದು’ ಚಿತ್ರಗಳಿಂದ ಹೆಸರಾದ, ಆಕ್ರಿಲಿಕ್‌ನಲ್ಲೇ ಬಹಳಷ್ಟು ಕೆಲಸ ಮಾಡಿದ ಎಸ್. ಎಚ್. ರಝಾ ತೀರಿಕೊಂಡದ್ದು 2016ರಲ್ಲಿ. ಅವರ ಕೃತಿಗಳಿಗೆ ರಕ್ಷಣೆ 2076ರವರೆಗೂ ಇದೆ. ಮನೆಯಲ್ಲಿ ಸ್ವಂತ ಕಲಿಕೆಗೆ ಬಿಡಿಸುವುದು ಬೇರೆ, ಮಾರುವುದು ಬೇರೆ. ಯಾರದ್ದನ್ನೇ ನಕಲು ಮಾಡಿದರೂ ಹಿಂಬದಿಯಲ್ಲಿ ಮೂಲ ಕಲಾವಿದರ ಹೆಸರು, ‘ನೋಡಿ ಬಿಡಿಸಿದ್ದು’ ಎಂಬ ಮಾತು, ನಿಮ್ಮ ಸಹಿ ಹಾಗೂ ದಿನಾಂಕ ಬರೆದಿಡಿ. ಮೂಲ ಕಲಾವಿದರ ಸಹಿಯನ್ನು ಮಾತ್ರ ನಕಲು ಮಾಡಬೇಡಿ.

ತೀರ್ಮಾನ

ಈ ಬಗೆಯ ಚಿತ್ರ ಎಲ್ಲರಿಗೂ ಇಷ್ಟವಾಗಬೇಕೆಂದಿಲ್ಲ. ಕಂಪ್ಯೂಟರ್ ಮಾಡಿದ್ದನ್ನು ಜನ ಗುರುತಿಸಲಾರದೆ ಹೋದದ್ದೂ ಉಂಟು. ಆದರೆ ‘ಮಗುವೂ ಹತ್ತು ನಿಮಿಷದಲ್ಲಿ ಬಿಡಿಸಬಹುದು’ ಎಂಬುದು ಹೆಚ್ಚಾಗಿ ತಪ್ಪು. ಅಳತೆ, ಟೇಪ್, ಒಳ್ಳೆಯ ಮಾದರಿ ಕೈಯಲ್ಲಿದ್ದೂ ಮೂವರು ದೊಡ್ಡವರಿಗೆ ಮೂರು ಸಂಜೆ ಬೇಕಾಯಿತು. ಗೆರೆ ಎಲ್ಲಿರಬೇಕು, ಎಷ್ಟು ದಪ್ಪ ಇರಬೇಕು ಎಂದು ಮೊದಲು ಕಂಡುಕೊಂಡ ಕೆಲಸ ನಾವು ಮಾಡಿದ್ದೇ ಅಲ್ಲ.

ಇನ್ನೊಂದು ಮಾತು. ಇಂಥ ಚಿತ್ರ ಬಿಡಿಸಲು ಮುಖ ಬರೆಯಲು ಬರಬೇಕಿಲ್ಲ, ತಾಳ್ಮೆಯಿದ್ದರೆ ಸಾಕು. ಹಾಗಾಗಿ ಬಣ್ಣ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ನಮಗೆ ಕಾಣಲಿಲ್ಲ. ಎಂಟನೇ ತರಗತಿಯಲ್ಲಿ ಬ್ರಷ್ ಬಿಟ್ಟಿದ್ದ ನಮ್ಮ ಗೆಳತಿ ಈಗ ಎರಡನೇ ಬೋರ್ಡ್ ತಂದಿದ್ದಾರೆ. ಮುಂದಿನ ಸಲ ಆ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ, ಕಳಿಸುವ ಮೊದಲು ಒಂದು ಟೇಪ್ ತಂದು ಒಂದೇ ಒಂದು ಕಪ್ಪು ಗೆರೆ ಎಳೆದು ನೋಡಿ.